ಎರಡು ಅಲೆಗಳಿಗೆ ಒಂದೇ ಗಡಿಯಾರ

ಬಿಷ್ಕೆಕ್‌ನ ನಮ್ಮ ಪ್ರಯೋಗಶಾಲೆಯಲ್ಲಿ ಭೂಕಂಪದಂತೆ ನಡುಗುವ ಒಂದು ಕಬ್ಬಿಣದ ಮೇಜಿದೆ. ಅಲೆಯ ಅಂಕಿಗಳನ್ನು ಕಂಪ್ಯೂಟರಿಗೆ ತುಂಬಿದರೆ ಅವು ವಿದ್ಯುತ್ತಿನ ಏರಿಳಿತಗಳಾಗಿ ತಂತಿಯಲ್ಲಿ ಹರಿದು, ಮೇಜನ್ನು ತಳ್ಳುವ ಉಕ್ಕಿನ ತೋಳನ್ನು ಆಡಿಸುತ್ತವೆ. ಬಹುಕಾಲ ಅಲ್ಲಿದ್ದದ್ದು ಒಂದೇ ತೋಳು, ಒಂದೇ ಅಲೆ. ಅದನ್ನು ಕಳಿಸುತ್ತಿದ್ದವನು ಸಪರ್‌ಬೆಕ್ ಒಬ್ಬನೇ.

ಈ ಚಳಿಗಾಲ ಮೇಜನ್ನು ಉದ್ದ ಮಾಡಿ, ಇನ್ನೊಂದು ತುದಿಗೂ ತೋಳು ಹಾಕಿದರು. ಕರಾಕೋಲ್ ಊರಿನಿಂದ ಐಜಿರೆಕ್ ಎಂಬ ಹುಡುಗಿ ಬಂದಳು. ಎರಡು ತೋಳಿನ ಎರಡು ಅಲೆಗಳನ್ನೂ ಅಂಕಿಗಳನ್ನು ವಿದ್ಯುತ್ತಾಗಿಸುವ ಒಂದೇ ಕಾರ್ಡಿನಿಂದ ಒಟ್ಟಿಗೆ ಕಳಿಸಿ ತೋರಿಸಿದಳು. ನಿರ್ದೇಶಕರು ಶಭಾಷ್ ಎಂದರು. ಸಪರ್‌ಬೆಕ್ ಚಹಾ ಕುಡಿಯದೆ ಬಟ್ಟಲು ಕೆಳಗಿಟ್ಟ.

"ಒಂದು ಅಲೆ ನನ್ನ ಪ್ರೋಗ್ರಾಮಿಂದಲೇ ಹೋಗ್ಬೇಕು."

"ಆಗಲ್ಲ ಅಣ್ಣಾ. ಅಲೆಗೆ ತಾಳ ಹಾಕೋ ಗಡಿಯಾರ ಕಾರ್ಡಿಗೆ ಇರೋದು ಒಂದೇ. ನಂದು ಓಡ್ತಿದ್ರೆ ನಿಮ್ಮದನ್ನ ಒಳಗೆ ಬಿಡಲ್ಲ."

"ನಿನ್ನೆ ಮೊನ್ನೆ ಬಂದೋಳು, ನಂಗೆ ಪಾಠ ಹೇಳ್ತೀಯಾ?"

ಸಪರ್‌ಬೆಕ್ ತನ್ನ ಪ್ರೋಗ್ರಾಮಿನ ಗುಂಡಿ ಒತ್ತಿ ನೋಡಿದ. ಜಾಗ ಆಗಲೇ ಬೇರೆಯವರ ವಶದಲ್ಲಿದೆ ಎಂದು ಪರದೆ ಕೆಂಪಾಯಿತು. "ಯಂತ್ರಕ್ಕೂ ವಿಷಯ ಗೊತ್ತಾಗಿದೆ ಕಣಣ್ಣಾ!" ಎಂದು ಯಾರೋ ನಕ್ಕರು. ಅವನ ಕಿವಿಗಳೂ ಕೆಂಪಾದವು.

ಮರುದಿನ ಹಠದಿಂದ ತನ್ನದೇ ಇನ್ನೊಂದು ಕಾರ್ಡು ತಂದು ಕೂರಿಸಿದ. ಈಗ ಗಡಿಯಾರಗಳು ಎರಡಾದವು, ಅಲೆಗಳು ಹೊಂದಲಿಲ್ಲ. ಐಜಿರೆಕ್ ಎರಡರ ನಡುವೆ ಸಣ್ಣದೊಂದು ತಂತಿ ಎಳೆದಳು.

"ನಿಮ್ಮ ಗಡಿಯಾರವೇ ಯಜಮಾನ ಆಗ್ಲಿ ಅಣ್ಣಾ, ನಂದು ಅದರ ಹಿಂದೆ ಬರುತ್ತೆ. ಆದ್ರೆ ನಾನು ಮೊದಲು ಗುಂಡಿ ಒತ್ತಿ ಕಾಯ್ತಿರ್ಬೇಕು, ಆಮೇಲೆ ನೀವು ಒತ್ತಿ. ನೀವೇ ಮೊದಲು ಒತ್ತಿದ್ರೆ ಹೊರಡೋ ಸೂಚನೆ ನಂಗೆ ತಪ್ಪಿಹೋಗುತ್ತೆ. ನಿಮ್ಮ ಕಡೆಯ ತೋಳೊಂದೇ ತಳ್ಳಿ ಮೇಜು ತಿರುಚಿಕೊಳ್ಳುತ್ತೆ."

ಯಜಮಾನ ಎಂಬ ಮಾತು ಅವನಿಗೆ ಹಿತವಾಯಿತು. ಉಳಿದದ್ದು ಕಿವಿಗೆ ಬಿದ್ದಿತೋ ಇಲ್ಲವೋ, ದೇವರೇ ಬಲ್ಲ.

ಪರೀಕ್ಷೆಯ ದಿನ ಮೇಜಿನ ಮೇಲೆ ಹಸಿ ಇಟ್ಟಿಗೆಯ ಪುಟ್ಟ ಮನೆ. ನಡುಗಿದರೂ ಕುಸಿಯದಂತೆ ಗೋಡೆಯೊಳಗೆ ಬಲೆ ಹೆಣೆದು, ಇಲ್ಲಿನ ಮುದಿ ಗಾರೆಯವನಾದ ನಾನೇ ಕಟ್ಟಿದ್ದೆ. ಭೂಕಂಪದಲ್ಲಿ ಕುಸಿದ, ಬಲೆಯಿಲ್ಲದ ಅಂಥದೇ ಮನೆಯ ಕೆಳಗೆ ನನ್ನ ಮಗಳು ಹೋದಳು. ಅಲ್ಲಾಹನು ಅವಳ ಸಮಾಧಿಯನ್ನು ಬೆಳಗಲಿ. ಇದು ನಿಂತರೆ ಬೆಟ್ಟದ ಹಳ್ಳಿಗಳಲ್ಲಿ ಹೀಗೆಯೇ ಕಟ್ಟಿಸುತ್ತೇವೆಂದು ಅಧಿಕಾರಿಗಳು ಮಾತು ಕೊಟ್ಟು, ನೋಡಲು ಬಂದಿದ್ದರು.

"ತಾತಾ, ಹರಸಿ," ಎಂದು ನಿರ್ದೇಶಕರು ನನ್ನತ್ತ ತಿರುಗಿದರು. ಅಂಗೈ ಎತ್ತಿ ಬೇಡಿಕೊಂಡು ಮುಖ ಸವರಿಕೊಂಡೆ. ಐಜಿರೆಕಳ ಬೆರಳು ಗುಂಡಿಯತ್ತ ಹೋಯಿತು. ಎಲ್ಲರ ಕಣ್ಣೂ ಆ ಬೆರಳಿನ ಮೇಲೆ. ನಮ್ಮಲ್ಲಿ ಹಿರಿಯರು ಕೈಹಾಕುವ ಮುನ್ನ ಕಿರಿಯರು ತಟ್ಟೆ ಮುಟ್ಟುವುದಿಲ್ಲ. ಸಪರ್‌ಬೆಕ್ ಅವಳ ಬೆರಳನ್ನು ನೋಡಿದ, ಅತಿಥಿಗಳ ಮುಖ ನೋಡಿದ. ತಟ್ಟನೆ ತನ್ನ ಗುಂಡಿ ಒತ್ತಿಬಿಟ್ಟ.

ಮೇಜಿನ ಒಂದು ತುದಿ ಮಾತ್ರ ಮುನ್ನುಗ್ಗಿತು. ಮನೆ ಸೊಂಟ ತಿರುವಿದಂತೆ ಹೊರಳಿ, ಬಲೆ ಹರಿದು, ಮೂಲೆಯ ಗೋಡೆ ಧೂಳಾಗಿ ಇಳಿಯಿತು.

ಐಜಿರೆಕ್ ಅಳತೊಡಗಿದಳು. "ತಪ್ಪು ನಂದು. ನಾನು ಇನ್ನೂ ಬೇಗ ಒತ್ತಬೇಕಿತ್ತು."

"ಅಳಬೇಡ ತಾಯಿ," ಎಂದು ನಿರ್ದೇಶಕರು ಅವಳ ತಲೆ ಸವರಿದರು. ಒಬ್ಬರು ನೀರು ಕೊಟ್ಟರು, ಇನ್ನೊಬ್ಬರು ಕುರ್ಚಿ ಎಳೆದರು. ಎಲ್ಲರೂ ಅವಳ ಸುತ್ತಲೇ. ನಾನು ಬಿದ್ದ ಇಟ್ಟಿಗೆಯ ಮುಂದೆ ಮೊಣಕಾಲೂರಿದ್ದೆ.

ಸಪರ್‌ಬೆಕ್ ಜನರನ್ನು ಸರಿಸಿ ನುಗ್ಗಿದ.

"ತಪ್ಪು ಅವಳದ್ಯಾಕೆ ಆಗುತ್ತೆ? ಬೀಳಿಸಿದ್ದು ನಾನು! ಇದನ್ನೂ ಅವಳಿಗೇ ಕೊಟ್ಟುಬಿಡ್ತೀರಾ?"

ಆಗ ಎಲ್ಲರೂ ಅವನ ಕಡೆ ತಿರುಗಿದರು.