ಲೆಕ್ಕಕ್ಕೆ ಸೇರದ ಹತ್ತನೆಯವಳು

ಮೊದಲೇ ಹೇಳಿಬಿಡುತ್ತೇನೆ, ನನಗೆ ತಾಲ್ಯಾಳನ್ನು ಕಂಡರೆ ಹೊಟ್ಟೆಕಿಚ್ಚು. ಸಣ್ಣಪುಟ್ಟದ್ದಲ್ಲ, ಅವಳ ಲೇಖನ ಪ್ರಕಟವಾದ ದಿನ ನನಗೆ ಊಟ ಸೇರುವುದಿಲ್ಲ. ಹನ್ನೊಂದು ವರ್ಷದ ಗೆಳತಿ ಬೇರೆ, ಅದಕ್ಕೇ ಇನ್ನಷ್ಟು ಉರಿ. ಗುರುತು ಪರಿಚಯ ಇಲ್ಲದವರು ಮೇಲೆ ಬಂದರೆ ಯಾರಿಗೇನು?

ಶಿಕಾಗೋದ ಪಶ್ಚಿಮದ ಊರುಗಳ ಸುದ್ದಿ ಬರೆಯುವ ಒಂದು ಸಣ್ಣ ಪತ್ರಿಕೆಗೆ ನಾವಿಬ್ಬರೂ ಒಂದೇ ವಾರ ಸೇರಿದವರು. ಇಟಾಸ್ಕಾದಲ್ಲಿ ಹೊಸ ಹೋಟೆಲಿಗೆ ಪರ್ಮಿಟ್ ಕೊಡಬೇಕೋ ಬೇಡವೋ, ಬೋಲಿಂಗ್‌ಬ್ರೂಕ್‌ನ ವೇರ್‌ಹೌಸ್ ಟ್ರಕ್ಕುಗಳಿಂದ ನಿದ್ದೆ ಕೆಡುತ್ತದೋ ಇಲ್ಲವೋ, ಇಂಥವೇ ನಮ್ಮ ಸುದ್ದಿಗಳು. ಆಗಿನಿಂದ ನಮ್ಮದೊಂದು ಪದ್ಧತಿ ಇತ್ತು. ಯಾರು ಏನೇ ಬರೆಯಲಿ, ಸಂಪಾದಕರ ಕೈಗೆ ಹೋಗುವ ಮೊದಲು ಇನ್ನೊಬ್ಬಳು ಓದಿ ಹೆಸರು, ತಾರೀಖು, ಸಂಖ್ಯೆ ಒಂದೊಂದರ ಮೇಲೂ ಟಿಕ್ ಹಾಕಬೇಕು. ಟಿಕ್ ಬಿತ್ತೆಂದರೆ ಅದು ಸರಿ ಎಂದೇ ಅರ್ಥ. ಮತ್ತೆ ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ತಾಲ್ಯಾಗೆ ಇದ್ದಕ್ಕಿದ್ದ ಹಾಗೆ ತಾನು ಯಹೂದಿ ಎಂಬುದು ನೆನಪಾಯಿತು. ಡೆಟ್ರಾಯ್ಟ್ ಪಕ್ಕದ ಸೌತ್‌ಫೀಲ್ಡ್‌ನಲ್ಲಿ ಬೆಳೆದವಳು. ಮನೆಯಲ್ಲಿ ಕ್ರಿಸ್ಮಸ್ ಗಿಡ ಇಡುತ್ತಿದ್ದರಂತೆ, ಹೀಬ್ರೂವಿನ ಒಂದಕ್ಷರ ಯಾರಿಗೂ ಬರುತ್ತಿರಲಿಲ್ಲ. ಸತ್ತುಹೋದ ಅಜ್ಜಿಯ ಡಬ್ಬವೊಂದರಲ್ಲಿ ಹಳೆಯ ಪ್ರಾರ್ಥನೆ ಪುಸ್ತಕ ಸಿಕ್ಕಿತು ನೋಡಿ, ಶುರುವಾಯಿತು. ಹೀಬ್ರೂ ಕ್ಲಾಸಿನ ಬಗ್ಗೆ ಒಂದು ಲೇಖನ. ಮೊದಲ ಶುಕ್ರವಾರ ಸಂಜೆ ಮಾಡಿದ ಬ್ರೆಡ್ ಸೀದುಹೋದದ್ದರ ಬಗ್ಗೆ ಇನ್ನೊಂದು. ಸೀದ ಬ್ರೆಡ್ಡಿಗೆ ಓದುಗರು ಕಣ್ಣೀರು ಹಾಕಿದರು! ನ್ಯೂಯಾರ್ಕಿನ ದೊಡ್ಡ ಪತ್ರಿಕೆಯೊಂದು ಅವಳನ್ನು ಕರೆದು ಬರೆಸತೊಡಗಿತು.

ನಾನೂ ನನ್ನ ಗುರುತಿನ ಬಗ್ಗೆ ಬರೆಯಲು ಕೂತೆ. ಆದರೆ ಏನು ಬರೆಯಲಿ? ಕಳೆದುಕೊಂಡವರಿಗೆ ಹುಡುಕುವ ಭಾಗ್ಯ ಇರುತ್ತದೆ. ನನ್ನ ಅಮ್ಮ ಲಲಿತಮ್ಮ ಏನನ್ನಾದರೂ ಕಳೆದುಕೊಳ್ಳಲು ಬಿಟ್ಟಿದ್ದರಲ್ಲವೇ! ಗೌರಿ ಹಬ್ಬಕ್ಕೆ ಬಾಗಿನ, ಸಂಕ್ರಾಂತಿಗೆ ಎಳ್ಳು, ಶನಿವಾರ ಕನ್ನಡ ಕ್ಲಾಸು. ಎಲ್ಲವೂ ಇಟ್ಟ ಜಾಗದಲ್ಲೇ ಇತ್ತು. ಸಂಪಾದಕರು ಓದಿ, "ಚೆನ್ನಾಗಿದೆ ಸುಚೇತಾ, ಆದರೆ ಇದರಲ್ಲಿ ಸಂಘರ್ಷ ಎಲ್ಲಿದೆ?" ಎಂದರು. ಆ ವಾರ ತಾಲ್ಯಾಳ ಜೊತೆ ನಾನು ಸರಿಯಾಗಿ ಮಾತಾಡಲಿಲ್ಲ. ತಲೆನೋವು ಎಂದು ಸುಳ್ಳು ಹೇಳಿದೆ.

ಹೋದ ಜನವರಿಯಲ್ಲಿ ಅವಳು ತನ್ನ ಅತಿ ದೊಡ್ಡ ಲೇಖನದ ಕರಡು ಕಳಿಸಿದಳು. ಅಜ್ಜಿಯ ತಂಗಿ ಡೋರಾ, ತೊಂಬತ್ತೊಂದು ವರ್ಷ, ಸೌತ್‌ಫೀಲ್ಡ್‌ನ ವೃದ್ಧಾಶ್ರಮದಲ್ಲಿದ್ದಾರೆ. ಅವರದೊಂದೇ ಆಸೆ. ತೀರಿಕೊಂಡವರಿಗಾಗಿ ಯಹೂದಿಗಳು ಕದ್ದಿಶ್ ಎಂಬ ಪ್ರಾರ್ಥನೆ ಹೇಳುತ್ತಾರೆ. ಕನಿಷ್ಠ ಹತ್ತು ಮಂದಿ ಯಹೂದಿಗಳು ಸೇರಿದರೆ ಮಾತ್ರ ಅದನ್ನು ಹೇಳಬಹುದು. ಅಕ್ಕ ಹೋಗಿ ಎಂಟು ವರ್ಷವಾದರೂ, ತೀರಿಕೊಂಡ ದಿನ ಬಂದಾಗ ಒಮ್ಮೆಯೂ ಯಾರೂ ಹೇಳಿರಲಿಲ್ಲ. ತಾನು ಕಣ್ಣು ಮುಚ್ಚುವ ಮೊದಲು ಆ ದಿನವೇ ಅದನ್ನೊಮ್ಮೆ ಕೇಳಬೇಕು ಎಂದು ಡೋರಾ ಅತ್ತಿದ್ದರಂತೆ. ಫೆಬ್ರವರಿಯಲ್ಲಿ ಬರಲಿದ್ದ ಆ ದಿನಕ್ಕೆ ತಾಲ್ಯಾ, ಅವರಿಗೆ ತಿಳಿಸದೆ, ಅಲ್ಲಿನ ಒಂದು ಪುಟ್ಟ ಸಿನಗಾಗ್‌ನಲ್ಲಿ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ, ಎಲ್ಲ ಏರ್ಪಾಡು ಮಾಡಿದ್ದಳು. ಲೇಖನದ ಕೊನೆಯ ಭಾಗ ಅದೇ ಆಗಬೇಕಿತ್ತು, ಅದಾದ ಮೇಲೆ ಬರೆಯುವುದು.

ಎರಡನೆಯ ಪುಟದಲ್ಲಿ ಅಜ್ಜಿ ಫೆಬ್ರವರಿಯ ಒಂದು ಸಂಜೆ ಏಳು ಗಂಟೆಗೆ ಪ್ರಾಣ ಬಿಟ್ಟರು ಎಂದಿತ್ತು. ಐದನೆಯ ಪುಟದಲ್ಲಿ, ತಾರೀಖನ್ನು ಒಂದು ವೆಬ್‌ಸೈಟಿಗೆ ಹಾಕಿ ಯಹೂದಿ ಪಂಚಾಂಗದ ದಿನ ಹಿಡಿದೆ ಎಂದಿತ್ತು. ನನ್ನ ಪೆನ್ನು ಅಲ್ಲೇ ನಿಂತಿತು. ಅವರ ದಿನ ಶುರುವಾಗುವುದು ಸೂರ್ಯ ಮುಳುಗಿದಾಗ. ಅವಳೇ ಹಿಂದೊಂದು ಲೇಖನದಲ್ಲಿ ಅದನ್ನು ಬರೆದಿದ್ದಳು, ಟಿಕ್ ಹಾಕಿದವಳು ನಾನು. ಫೆಬ್ರವರಿಯಲ್ಲಿ ಏಳು ಗಂಟೆಗೆ ಕತ್ತಲಾಗಿರುತ್ತದೆ, ಅಂದರೆ ಅಜ್ಜಿ ಹೋದದ್ದು ಮರುದಿನದ ಲೆಕ್ಕಕ್ಕೆ. ಅಂಥ ವೆಬ್‌ಸೈಟುಗಳಲ್ಲಿ "ಸೂರ್ಯಾಸ್ತದ ನಂತರ" ಎಂಬ ಸಣ್ಣ ಚೌಕ ಇರುತ್ತದೆ. ಲೇಖನದಲ್ಲಿದ್ದ ದಿನ ನೋಡಿದರೆ ಅವಳು ಅದನ್ನು ಒತ್ತಿರಲಿಲ್ಲ.

ಇದು ಬೇರೆ ಯಾರ ಕಣ್ಣಿಗೆ ಬೀಳದಿದ್ದರೂ ನನ್ನ ಕಣ್ಣಿಗೆ ಬೀಳಲೇಬೇಕು. ಅಪ್ಪ ಹೋದದ್ದು ಶಿಕಾಗೋದ ಸಂಜೆ, ಬೆಂಗಳೂರಿನಲ್ಲಿ ಆಗಲೇ ಮರುದಿನ ಬೆಳಗಾಗಿತ್ತು. ನಾವು ಬೆಂಗಳೂರಿನ ಕ್ಯಾಲೆಂಡರಿನಲ್ಲಿ ಆ ತಾರೀಖಿಗೆ ಬರೆದಿದ್ದ ಅಷ್ಟಮಿಯನ್ನೇ ಹಿಡಿದು ಮೊದಲ ವರ್ಷದ ಶ್ರಾದ್ಧ ಮಾಡಿಬಿಟ್ಟೆವು. ಆಮೇಲೆ ದೇವಸ್ಥಾನದ ಪುರೋಹಿತರು ಲೆಕ್ಕ ಹಾಕಿ, ಆ ಹೊತ್ತಿಗೆ ನವಮಿ ಬಂದಾಗಿತ್ತು ಎಂದರು. ಅಮ್ಮ ಫೋನ್ ಇಟ್ಟು ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟರು. "ಅವ್ರು ಬರೋ ದಿನ ನಾವು ಬಾಗ್ಲು ಹಾಕ್ಕೊಂಡು ಕೂತಿದ್ವಲ್ಲೇ ಸುಚಿ. ಹಸ್ಕೊಂಡು ವಾಪಸ್ ಹೋಗಿರ್ತಾರೆ ಕಣೇ," ಎಂದು ಇಡೀ ದಿನ ಅತ್ತರು. ತಪ್ಪು ದಿನದ ಸಂಕಟ ಏನೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆದರೂ ಟಿಕ್ ಹಾಕಿದೆ. ಇಷ್ಟೆಲ್ಲ ಹುಡುಕುವವಳು ಇದನ್ನೂ ಹುಡುಕಿಕೊಳ್ಳಲಿ ಎಂದುಕೊಂಡೆ. ಪ್ರಕಟವಾದ ಮೇಲೆ ಯಾರೋ ಓದುಗರು ಪತ್ರ ಬರೆಯಲಿ, ತಿದ್ದುಪಡಿ ಅಚ್ಚಾಗಲಿ, ಒಂದು ಸಲವಾದರೂ ಅವಳ ಮುಖ ಬಾಡಲಿ. ನನಗೆ ಬೇಕಿದ್ದದ್ದು ಅಷ್ಟೇ. ಡೋರಾ ನನ್ನ ತಲೆಗೇ ಬರಲಿಲ್ಲ. ಬಂದರೂ ಬದಿಗೆ ತಳ್ಳಿದೆ ಎಂದರೆ ಹೆಚ್ಚು ನಿಜ.

"ನೀನೂ ಬಾ, ನೀನಿಲ್ಲದೆ ನಾನು ಇಷ್ಟು ಬರೀತಿರ್ಲಿಲ್ಲ," ಎಂದು ತಾಲ್ಯಾ ನನ್ನನ್ನೂ ಹೊರಡಿಸಿದಳು. ಫೆಬ್ರವರಿಯ ಆ ಭಾನುವಾರ ಬೆಳಿಗ್ಗೆ ಇಬ್ಬರೂ ಡ್ರೈವ್ ಮಾಡಿಕೊಂಡು ಹೊರಟೆವು. ಮುನ್ನೂರು ಮೈಲಿ, ಐದು ಗಂಟೆ. ಪ್ರತಿ ಎಕ್ಸಿಟ್ಟಿಗೂ ಈಗ ಹೇಳುತ್ತೇನೆ, ಈಗ ಹೇಳುತ್ತೇನೆ ಎಂದುಕೊಂಡೆ. ಅಷ್ಟರಲ್ಲಿ ಅವಳು ತನ್ನ ಲೇಖನಗಳು ಪುಸ್ತಕವಾಗುವ ಸುದ್ದಿ ಹೇಳಿದಳು. ನಾನು "ವಾವ್!" ಎಂದು ತುಟಿ ಹೊಲಿದುಕೊಂಡೆ.

ಸಂಜೆ ಸಿನಗಾಗ್‌ನಲ್ಲಿ ಮೂವತ್ತು ಜನ ಸೇರಿದ್ದರು. ತಾಲ್ಯಾ ಗಾಲಿಕುರ್ಚಿಯಲ್ಲಿ ಡೋರಾರನ್ನು ಕರೆತಂದು ಎಲ್ಲವನ್ನೂ ವಿವರಿಸಿದಳು. ಮುದುಕಿಯ ಮುಖ ಅರಳಿತು, ಮರುಕ್ಷಣ ಕುಗ್ಗಿತು.

"ಇವತ್ತಲ್ಲ ಮಗು, ನಾಳೆ," ಎಂದರು ಡೋರಾ ಮೆಲ್ಲಗೆ. "ಅವಳು ಹೋದಾಗ ಕತ್ತಲಾಗಿತ್ತು. ನಾನು ಪಕ್ಕದಲ್ಲೇ ಇದ್ದೆ."

ತಾಲ್ಯಾ ಬಿಳಿಚಿಕೊಂಡಳು. ನಾನು ಬಯಸಿದ್ದ ಮುಖ ಇದೇ. ನೋಡಲಾಗದೆ ನೆಲ ನೋಡಿದೆ. ಅಲ್ಲಿನ ಧರ್ಮಗುರು ರಬ್ಬಿ ಒಳ್ಳೆಯವರು, ನಾಳೆ ಸಂಜೆಯೇ ಮತ್ತೆ ಸೇರೋಣ ಎಂದರು. ಎಲ್ಲರೂ ತಲೆಯಾಡಿಸಿದರು.

ಸೋಮವಾರ ಮಧ್ಯಾಹ್ನದಿಂದ ಎಂಟು ಇಂಚು ಹಿಮ ಬಿತ್ತು. ಒಬ್ಬೊಬ್ಬರಾಗಿ ಬರಲಾಗದು ಎಂದು ಮೆಸೇಜ್ ಹಾಕತೊಡಗಿದರು. ಬಂದವರು ಬಂದು ಕೂತರು. ಯಹೂದಿಗಳಲ್ಲಿ ಜನರನ್ನು ಒಂದು, ಎರಡು ಎಂದು ಎಣಿಸಬಾರದಂತೆ. ಹತ್ತು ಪದಗಳ ಒಂದು ಪ್ರಾರ್ಥನೆಯ ಸಾಲನ್ನು ತಲೆಗೊಂದು ಪದದಂತೆ ಹೇಳುತ್ತಾ ಹೋಗುತ್ತಾರೆ. ಹೆಂಗಸರನ್ನೂ ಲೆಕ್ಕಕ್ಕೆ ಹಿಡಿಯುವ ಸಿನಗಾಗ್ ಅದು. ರಬ್ಬಿ ತಮ್ಮಿಂದ ಶುರುಮಾಡಿ, ಡೋರಾ, ತಾಲ್ಯಾ, ಮಿಕ್ಕವರು ಎಂದು ಬಂದರು. ಒಂಬತ್ತನೆಯ ಪದ ನನ್ನ ಪಕ್ಕದವನ ಮೇಲೆ ಬಿತ್ತು. ನನ್ನನ್ನು ನೋಡಿ ರಬ್ಬಿ ಅಲ್ಲಿಗೇ ನಿಲ್ಲಿಸಿದರು.

"ಯಾಕೆ ನಿಲ್ಲಿಸಿದ್ರಿ? ಅಲ್ಲಿ ಇನ್ನೊಬ್ಬಳಿದ್ದಾಳಲ್ಲ, ಹತ್ತಾಯ್ತಲ್ಲ," ಎಂದರು ಡೋರಾ. ಅವರಿಗೆ ಕಣ್ಣು ಮಂಜು.

"ಅವಳು ನಮ್ಮವಳಲ್ಲ ಆಂಟಿ," ಎಂದಳು ತಾಲ್ಯಾ. ಬೇಸರದಿಂದಲ್ಲ, ಇದ್ದದ್ದನ್ನು ಹೇಳಿದಳು.

ಮುಕ್ಕಾಲು ಗಂಟೆ ಕಾದೆವು. ಬಾಗಿಲಿನ ಸದ್ದಾದಾಗಲೆಲ್ಲ ಡೋರಾ ಆ ಕಡೆ ತಿರುಗುತ್ತಿದ್ದರು. ಯಾರೂ ಬರಲಿಲ್ಲ. ಕೊನೆಗೆ ರಬ್ಬಿ ಬೇರೊಂದು ಪ್ರಾರ್ಥನೆ ಓದಿದರು. ಅದು ಕದ್ದಿಶ್ ಅಲ್ಲ ಎಂದು ಡೋರಾಗೆ ಗೊತ್ತಾಯಿತು. ತಮ್ಮ ಕೋಟಿನ ಗುಂಡಿ ಹಾಕಿಕೊಂಡರು.

ಹೊರಗೆ ಡೋರಾರನ್ನು ಕಾರಿನಲ್ಲಿ ಕೂರಿಸಿ, ಗಾಲಿಕುರ್ಚಿ ಮಡಿಸುತ್ತಾ ತಾಲ್ಯಾ ಅತ್ತಳು. "ನಿನ್ನೆ ಮೂವತ್ತು ಜನ ಇದ್ರು. ಒಂದೇ ಒಂದು ಚೌಕ, ಸುಚೇತಾ. ಯಾರಿಗೆ ಗೊತ್ತಾಗ್ತಿತ್ತು? ನಿನ್ ಕಣ್ಣಿಗೇ ಬೀಳ್ಲಿಲ್ಲ ಅಂದ್ಮೇಲೆ."

"ಬಿದ್ದಿತ್ತು," ಎಂದೆ.

ಅವಳು ಕೈ ನಿಲ್ಲಿಸಿದಳು. "ಯಾವಾಗ?"

"ಜನವರಿಯಲ್ಲಿ. ಮೊದಲ ಸಲ ಓದಿದಾಗ್ಲೇ."

"ಮತ್ತೆ ಟಿಕ್ ಹಾಕಿದ್ದೆ?"

"ಹಾಕ್ದೆ. ಹೊಟ್ಟೆಕಿಚ್ಚಿಗೆ. ನಿನಗೆ ಪತ್ರಿಕೆಯಲ್ಲಿ ಒಂದು ತಿದ್ದುಪಡಿ ಬೀಳ್ಲಿ ಅಂತ."

ನಾನು ಕುರ್ಚಿಯ ಇನ್ನೊಂದು ಕಡೆ ಹಿಡಿಯಲು ಹೋದೆ, "ಬೇಡ, ಬಿಡು," ಎಂದು ತಾನೊಬ್ಬಳೇ ಎತ್ತಿ ಡಿಕ್ಕಿಯಲ್ಲಿಟ್ಟಳು. ಹೋಗಿ ಸ್ಟೀರಿಂಗ್ ಹಿಂದೆ ಕೂತಳು. ಡೋರಾ ಕಿಟಕಿಯ ಗಾಜು ಇಳಿಸಿ, ತಣ್ಣನೆಯ ಕೈ ಹೊರಚಾಚಿ ನನ್ನ ಬೆರಳು ಹಿಡಿದರು.

"ಅಷ್ಟು ದೂರದಿಂದ ಬಂದು ಎರಡು ದಿನ ಇದ್ದೆಯಲ್ಲ, ನಿನ್ನಂಥ ಗೆಳತಿ ಯಾರಿಗೆ ಸಿಗ್ತಾಳೆ. ಮುಂದಿನ ವರ್ಷ ನಾನಿದ್ದರೆ ಮತ್ತೆ ಬಾ," ಎಂದರು.

ನಾನು ತಾಲ್ಯಾಳ ಕಡೆ ನೋಡಿದೆ. ಅವಳು ಎದುರಿನ ಹಿಮವನ್ನೇ ನೋಡುತ್ತಿದ್ದಳು. ಡೋರಾ ನನ್ನ ಕೈ ಬಿಡುವವರೆಗೆ ಕಾದು, ಆ ಕಡೆಯ ಗಾಜನ್ನು ಏರಿಸಿದಳು.