ನೀಲಿ ಮಾತ್ರೆ ಮತ್ತು ಹಾಯ್ಗುಳಿ

ನನಗೆ ಹುಚ್ಚು ಹಿಡಿದಿದ್ದ ಕಾಲದಲ್ಲಿ ನಮ್ಮ ಮನೆಯಲ್ಲಿ ಬುದ್ಧಿವಂತರಿಗೆ ಬರಗಾಲವೇನೂ ಇರಲಿಲ್ಲ. ಅವರಲ್ಲೆಲ್ಲ ಹಿರಿಯ ಬುದ್ಧಿವಂತರು ಚಂದಯ್ಯ ಮಾವ. ಬಿಜೂರಿನ ನಮ್ಮ ಮನೆ ಅಳಿಯಕಟ್ಟಿನದು, ತಾಯಿಯ ಕಡೆಯಿಂದ ವಂಶ ನಡೆಯುವುದು. ಹಾಗಾಗಿ ಅಬ್ಬಿಯ, ಅಂದರೆ ನನ್ನ ತಾಯಿಯ ಅಣ್ಣನೇ ಯಜಮಾನ. ಭತ್ತದ ಕಣಜ, ಬಾವಿಯ ಹಗ್ಗ, ಎಮ್ಮೆಯ ಕರು, ಹೆಣ್ಣುಮಕ್ಕಳ ಮದುವೆ, ಎಲ್ಲವೂ ಅವರ ಅಪ್ಪಣೆಯಂತೆ ನಡೆಯಬೇಕು. ನನ್ನ ತಲೆಯೊಂದು ಮಾತ್ರ ಅವರ ಅಪ್ಪಣೆ ಕೇಳದೆ ಕೆಟ್ಟಿತು. ಅದನ್ನು ಅವರು ಕಡೆಯವರೆಗೂ ಕ್ಷಮಿಸಲಿಲ್ಲ.

ನನ್ನ ಕಿವಿಯಲ್ಲಿ ಒಂದು ಗಂಡು ದನಿ ಮಾತಾಡುತ್ತಿತ್ತು. ಬಾವಿಗೆ ವಿಷ ಹಾಕಿದ್ದಾರೆ, ಅಬ್ಬಿ ಬಡಿಸಿದ್ದು ತಿನ್ನಬೇಡ, ಓಡು, ಎನ್ನುತ್ತಿತ್ತು. ನಾನು ಓಡುತ್ತಿದ್ದೆ. ಒಮ್ಮೆ ಮರವಂತೆಯ ತನಕ ಹೋಗಿ, ಒಂದು ಬದಿ ಸಮುದ್ರ, ಇನ್ನೊಂದು ಬದಿ ಹೊಳೆ, ಎತ್ತ ಹೋಗಬೇಕೆಂದು ತಿಳಿಯದೆ ರಸ್ತೆಯ ನಡುವೆ ಕೂತುಬಿಟ್ಟೆ. ಮೀನು ಮಾರುವ ಹೆಂಗಸರು ಎಬ್ಬಿಸಿ ಮನೆಗೆ ತಲುಪಿಸಿದರು. ಇನ್ನೊಮ್ಮೆ ಅನ್ನ ಬಡಿಸಲು ಬಂದ ಅಬ್ಬಿಯ ಕೈ ಕಚ್ಚಿದೆ. ಆಮೇಲೆ ಅವಳು ನನ್ನ ಬಟ್ಟಲನ್ನು ದೂರದಿಂದ ತಳ್ಳುತ್ತಿದ್ದಳು.

ಮಾವ ಮಂತ್ರವಾದಿಯನ್ನು ಕರೆಸಿದರು. ಅವನು ಮೆಣಸಿನ ಹೊಗೆ ಹಾಕಿದ, ನಾಗರಬೆತ್ತದಿಂದ ಬಾರಿಸಿದ, ನಮ್ಮ ಎರಡು ಕೋಳಿ ತಿಂದ. ದನಿ ಇದ್ದಲ್ಲೇ ಇತ್ತು. ಹೊಸದಾಗಿ ಬಂದದ್ದು ಬೆನ್ನಿನ ಬಾಸುಂಡೆ ಮಾತ್ರ.

ಅಷ್ಟರಲ್ಲಿ ಬೊಂಬಾಯಿಯ ಹೋಟೆಲಿನಲ್ಲಿದ್ದ ನನ್ನ ಅಣ್ಣ ಶೀನ ರಜೆಯಲ್ಲಿ ಬಂದ. ನನ್ನ ಬೆನ್ನು ನೋಡಿದ. ಮಾವನ ಮುಖ ನೋಡಲಿಲ್ಲ. ಮರುದಿನವೇ ನನ್ನನ್ನು ಬಸ್ಸಿಗೆ ಹತ್ತಿಸಿ ಮಂಗಳೂರಿನ ಡಾಕ್ಟರೊಬ್ಬರ ಹತ್ತಿರ ಕರೆದುಕೊಂಡು ಹೋದ. ಅವರು ನೀಲಿ ಬಣ್ಣದ ಸಣ್ಣ ಮಾತ್ರೆ ಕೊಟ್ಟರು. ಬೆಳಿಗ್ಗೆ ಒಂದು, ರಾತ್ರಿ ಒಂದು. ಬಾಯಿ ಒಣಗುತ್ತದೆ, ಕೈ ನಡುಗಬಹುದು, ಕೂತಲ್ಲಿ ಕೂರಲಾಗದ ಹಾಗೆ ಕಾಲು ಚಡಪಡಿಸಬಹುದು, ಥಟ್ಟನೆ ಎದ್ದರೆ ತಲೆ ತಿರುಗುತ್ತದೆ, ಹೆದರಬೇಡಿ, ಆದರೆ ಬಂದು ಹೇಳಿ ಎಂದರು. ಗುಣವಾಯಿತೆಂದು ನೀವೇ ನಿಲ್ಲಿಸಬೇಡಿ ಎಂದೂ ಹೇಳಿದರು. ಶೀನ ಎಲ್ಲವನ್ನೂ ಮಾವನಿಗೆ ಒಪ್ಪಿಸಿ ಬೊಂಬಾಯಿಗೆ ಮರಳಿದ. ಮಾವ ಅದನ್ನೆಲ್ಲ ಎಲೆ ಅಡಿಕೆ ಜಗಿಯುತ್ತಾ ಕೇಳಿ, ಬಾಟಲಿಯನ್ನು ತಮ್ಮ ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದರು. ಬೀಗವಿಲ್ಲದ ವಸ್ತು ನಮ್ಮ ಮನೆಯಲ್ಲಿ ಉಪ್ಪು ಕೂಡ ಇರಲಿಲ್ಲ.

ಮಾತ್ರೆ ಕೆಲಸ ಮಾಡಿತು. ದನಿ ಮೊದಲು ಜಗಲಿಗೆ ಹೋಯಿತು, ಆಮೇಲೆ ಅಂಗಳಕ್ಕೆ, ಆಮೇಲೆ ಗದ್ದೆಯ ಆಚೆಗೆ. ಬಾವಿಯ ನೀರು ಬರೀ ನೀರಾಯಿತು. ಕೈ ನಡುಗುತ್ತಿತ್ತು, ನಿಜ, ಲೋಟ ಹಿಡಿದರೆ ಕಾಫಿ ಚೆಲ್ಲುತ್ತಿತ್ತು. ಆದರೆ ಅದು ನನ್ನ ಕಾಫಿ, ನನ್ನ ಕೈ. ನಾನು ಗುಣವಾಗುತ್ತಿದ್ದೇನೆ ಎಂದು ಒಂದು ದಿನ ಅಬ್ಬಿಗೆ ಹೇಳಿದೆ.

"ಅಬ್ಬೀ, ನಾನ್ ಸಮ ಆತಾ ಇದ್ದೆ."

"ಹೂಂ," ಎಂದಳು. ಬಟ್ಟಲನ್ನು ದೂರದಿಂದಲೇ ತಳ್ಳಿದಳು.

ಒಕ್ಕಲುಗಳ ಬಾಯಲ್ಲಿ ಆಗ ಹೊಸ ಮಾತು ಸುಳಿದಾಡುತ್ತಿತ್ತು. ಉಳುವವನಿಗೇ ಗದ್ದೆ ಸೇರುವ ಕಾನೂನು ಬರುತ್ತದಂತೆ ಎಂದು ಬಸ್ಸಿನಲ್ಲಿ, ಹೋಟೆಲಿನಲ್ಲಿ ಎಲ್ಲೆಲ್ಲೂ ಅದೇ. ಮಾವನಿಗೆ ನಿದ್ದೆ ಹತ್ತಲಿಲ್ಲ. ವಕೀಲರನ್ನು ಕಾಣಲು ಕುಂದಾಪುರಕ್ಕೆ ಹೋಗಿ ನೆಂಟರ ಮನೆಯಲ್ಲಿ ಉಳಿದುಬಿಟ್ಟರು. ಪೆಟ್ಟಿಗೆಯ ಕೀಲಿಕೈ ಅವರ ಉಡಿದಾರದಲ್ಲೇ ಹೋಯಿತು. ಅವರು ಬರುವ ಹೊತ್ತಿಗೆ ದನಿ ಗದ್ದೆ ದಾಟಿ ಅಂಗಳದ ತುದಿಗೆ ಬಂದು ನಿಂತಿತ್ತು. ನಾನು ಮಾವನ ಕಾಲು ಹಿಡಿಯುವುದೊಂದು ಬಾಕಿ.

"ಮಾವ, ಮಾತ್ರಿ ತಪ್ಪಿ ಹೋಯ್ತ್. ಬೇಗ ಕೊಡಿ."

"ತಪ್ಪಿರೆ ಎಂತ ಆಯ್ತ್? ಎಲ್ಲಾ ಸೇರ್ಸಿ ಕೊಡ್ತೆ. ಲೆಕ್ಕ ಸಮ ಆತ್ತ್," ಎಂದರು ಮಾವ.

ಗೇಣಿ ಬಾಕಿ ವಸೂಲು ಮಾಡಿ ಅಭ್ಯಾಸವಾದ ಕೈ ಅದು. ತಪ್ಪಿದ ಅಷ್ಟೂ ಮಾತ್ರೆಗಳನ್ನು ನನ್ನ ಅಂಗೈಗೆ ಸುರಿದು, ನುಂಗುವ ತನಕ ಎದುರಿಗೆ ನಿಂತರು. ನಾನೂ ನುಂಗಿದೆ. ದನಿ ಹೋದರೆ ಸಾಕಾಗಿತ್ತು ನನಗೆ.

ಮರುದಿನ ಬೆಳಿಗ್ಗೆ ಒಕ್ಕಲುಗಳು ಗೇಣಿ ಅಕ್ಕಿ ತಂದು ಅಂಗಳದಲ್ಲಿ ಇಳಿಸುತ್ತಿದ್ದರು. ನಾನು ಜಗಲಿಯಲ್ಲಿ ಕೂತಿದ್ದೆ. ಮೊದಲು ನಾಲಿಗೆ ದಪ್ಪವಾಯಿತು. ಆಮೇಲೆ ದವಡೆ ಸೆಟೆಯಿತು. ಯಾರೋ ಜುಟ್ಟು ಹಿಡಿದು ಎಳೆದಂತೆ ಕುತ್ತಿಗೆ ಎಡಕ್ಕೆ ತಿರುಗಿ ಅಲ್ಲೇ ನಿಂತಿತು. ಕಣ್ಣುಗುಡ್ಡೆ ಮೇಲಕ್ಕೆ ಹೋಗಿ ಮಾಡಿನ ಹಂಚು ಬಿಟ್ಟು ಬೇರೇನೂ ಕಾಣದಾಯಿತು. ಪ್ರಜ್ಞೆ ಪೂರ್ತಿ ಇತ್ತು. ನೋವೂ ಪೂರ್ತಿ ಇತ್ತು. ನೀರು ಕೊಡಿ, ಡಾಕ್ಟರನ್ನು ಕರೆಯಿರಿ ಎಂದು ಹೇಳಲು ಹೊರಟೆ. ಬಾಯಿಂದ ಬಂದದ್ದು "ಹೂ... ಹೋ..." ಎಂಬ ಗೊಗ್ಗರು ದನಿ.

ಮಾವನ ಕೈಯಿಂದ ಅಳತೆಯ ಸೇರು ಬಿತ್ತು.

"ಹಾಯ್ಗುಳಿ! ಮನೀ ಹಾಯ್ಗುಳಿ ಮೈ ಮೇಲ್ ಬಂದಿತ್ತ್! ಎಲ್ಲ್ರೂ ಕೈ ಮುಗಿನಿ!"

ಹಾಯ್ಗುಳಿ ನಮ್ಮ ಮನೆ ಕಾಯುವ ದೈವ. ವರ್ಷಕ್ಕೊಮ್ಮೆ ಪಾತ್ರಿಯ ಮೈ ಮೇಲೆ ಬಂದು ನುಡಿ ಕೊಡುತ್ತದೆ, ತೆಂಗಿನಕಾಯಿ, ಕೋಳಿ ತೆಗೆದುಕೊಂಡು ಹೋಗುತ್ತದೆ. ಕರೆಯದೆ, ಕಾಯಿ ಇಡದೆ, ಹುಚ್ಚು ಹಿಡಿದ ಹೆಣ್ಣಿನ ಮೈ ಮೇಲೆ ಗೇಣಿ ಅಳೆಯುವ ಹೊತ್ತಿಗೆ ಯಾಕೆ ಬಂತು ಎಂದು ಒಬ್ಬನಾದರೂ ಯೋಚಿಸಬೇಕಿತ್ತು. ಯಾರೂ ಯೋಚಿಸಲಿಲ್ಲ. ದೈವ ಬಂದವರು ಹಿಡಿಯುವ ಹಿಂಗಾರ, ಅಡಿಕೆ ಹೂವಿನ ಗೊಂಚಲು, ತಂದು ನನ್ನ ಕೈಗೆ ತುರುಕಿದರು. ನಡುಗುವ ಕೈಯಲ್ಲಿ ಹಿಂಗಾರ ಸೊಗಸಾಗಿ ನಡುಗಿತು. ಅದನ್ನು ಕಂಡು ಅವರ ಭಕ್ತಿ ಇನ್ನೂ ಏರಿತು.

ಗುಡ್ಡ ಎಂಬ ಒಕ್ಕಲು ಅಡ್ಡ ಬಿದ್ದ. "ಸ್ವಾಮೀ, ನಮ್ಮ ಎಮ್ಮಿ ಹಾಲ್ ಕೊಡ್ತಿಲ್ಲೆ. ಎಂತ ದೋಷ ಅಂದೇಳಿ ಅಪ್ಪಣೆ ಆಯ್ಕ್."

"ಹೋ..." ಎಂದೆ.

"ಹೋತ್ತ್ ಅಂಬ್ರ್, ದೋಷ ಹೋತ್ತ್ ಅಂಬ್ರ್!" ಎಂದು ಮಾವ ಅರ್ಥ ಹೇಳಿದರು.

ನನಗೆ ಕಿವಿಯಲ್ಲಿ ದನಿ ಕೇಳುತ್ತದೆ ಎಂದು ಅತ್ತು ಹೇಳಿದಾಗ ಬೆತ್ತ ಕೊಟ್ಟ ಮಹಾನುಭಾವರು ಇವರೇ. ಈಗ ಮಾತೇ ಹೊರಡದೆ ನರಳಿದಾಗ ಹಿಂಗಾರ ಕೊಟ್ಟರು. ಅಬ್ಬಿ ಅಡುಗೆಮನೆಯ ಬಾಗಿಲಲ್ಲಿ ನಿಂತು ದೂರದಿಂದ ಕೈ ಮುಗಿದದ್ದನ್ನು ಆಮೇಲೆ ಕೇಳಿ ತಿಳಿದೆ. ಹಂಚು ನೋಡುತ್ತಿದ್ದವಳಿಗೆ ಅವಳು ಕಾಣಲಿಲ್ಲ.

ಒಕ್ಕಲುಗಳು ಹೋದ ಮೇಲೂ ಕುತ್ತಿಗೆ ಬಿಡಲಿಲ್ಲ. ಸ್ವಲ್ಪ ಸಡಿಲವಾಗುವುದು, ಮತ್ತೆ ಎಳೆಯುವುದು. ಕಣ್ಣು ತುಸು ಇಳಿದ ಗಳಿಗೆ ನೋಡಿ, ಗದ್ದಕ್ಕೆ ಕೈ ಕೊಟ್ಟುಕೊಂಡು ನಾನೇ ರಸ್ತೆಗೆ ನಡೆದೆ. ದೈವವನ್ನು ಯಾರು ತಡೆಯುತ್ತಾರೆ? ಬೈಂದೂರಿನಿಂದ ಬಂದ ಬಸ್ಸು ನಿಂತಿತು. ಸುದ್ದಿ ನನಗಿಂತ ಮೊದಲೇ ಬಸ್ಸು ಹತ್ತಿತ್ತು. ಎದುರಿನ ಸೀಟು ಖಾಲಿ ಮಾಡಿಕೊಟ್ಟರು, ಕಂಡಕ್ಟರ್ ಟಿಕೇಟು ಕೇಳಲಿಲ್ಲ. ಒಬ್ಬ ಮುದುಕಿ ಕುಂದಾಪುರದ ತನಕ ನನ್ನ ಪಾದ ನೋಡುತ್ತಾ ಕೂತಿದ್ದಳು.

ಕುಂದಾಪುರದ ಡಾಕ್ಟರು ನನ್ನನ್ನು ನೋಡಿ ಕೇಳಿದ್ದು ಒಂದೇ ಪ್ರಶ್ನೆ, ಏನು ಮದ್ದು ತಿನ್ನುತ್ತಿದ್ದೀ ಎಂದು. ತೊದಲುತ್ತಾ ಹೇಳಿದೆ. ಸೂಜಿ ಚುಚ್ಚಿದರು. ಸ್ವಲ್ಪ ಹೊತ್ತಿನಲ್ಲೇ ಕುತ್ತಿಗೆ ತನ್ನಷ್ಟಕ್ಕೆ ಸರಿದು ನೇರವಾಯಿತು, ನಾಲಿಗೆ ಬಾಯೊಳಗೆ ಹಿಡಿಯಿತು. ನನಗೆ ಜೋರಾಗಿ ಅಳು ಬಂತು.

"ಅಳಬೇಡಮ್ಮ," ಎಂದರು ಡಾಕ್ಟರು. "ಇದು ಮದ್ದು ಹೆಚ್ಚಾಗಿ ಆದದ್ದು. ಸ್ನಾಯು ಸೆಳೆತ. ಒಂದು ಹೊತ್ತಿನದು ತಪ್ಪಿದರೆ ತಪ್ಪಿತು, ಮುಂದಿನ ಹೊತ್ತಿಗೆ ಒಂದೇ ತಗೋ. ಸೇರಿಸಬಾರದು. ಹೀಗಾಯಿತೆಂದು ಮದ್ದನ್ನೇ ಬಿಡಲೂ ಬಾರದು, ಬಿಟ್ಟರೆ ಕಾಯಿಲೆ ಮರಳುತ್ತದೆ. ಮತ್ತೆ ಕುತ್ತಿಗೆ, ಕಣ್ಣು, ನಾಲಿಗೆ ಸೆಳೆದರೆ ತಡ ಮಾಡದೆ ಬಾ. ಉಸಿರುಗಟ್ಟುವಷ್ಟೂ ಹೋಗಬಹುದು ಇದು."

ಮನೆಗೆ ಬಂದು ಮಾವನಿಗೆ ಇದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಬಾಟಲಿ ನನ್ನ ಕೈಗೆ ಕೊಡಿ ಎಂದು ಕೇಳಿದೆ. ಮಾವ ಎಲೆಗೆ ಸುಣ್ಣ ಸವರುತ್ತಾ ಎಲ್ಲ ಕೇಳಿದರು. ದಡ್ಡರಲ್ಲ ಅವರು. ದಡ್ಡರಾಗಿದ್ದರೆ ಈಗ ನಾನು ಅವರನ್ನು ಇಷ್ಟು ಬಯ್ಯುತ್ತಿರಲಿಲ್ಲ.

"ಅಂದ್ರೆ," ಎಂದರು ಕಡೆಗೆ, "ಮಾತ್ರಿ ಜಾಸ್ತಿ ಕೊಟ್ರೆ ಅದ್ ಬತ್ತ್ ಅಂದ್ಹಾಂಗಾಯ್ತ್."

"ಎಂತ ಬತ್ತ್?"

"ಹಾಯ್ಗುಳಿ."

ಅದೇ ವಾರ ಸುತ್ತಲಿನ ಒಕ್ಕಲುಗಳಿಗೆಲ್ಲ ಹೇಳಿ ಕಳಿಸಿದರು. ಸಂಕ್ರಾಂತಿಯ ದಿನ ಒಡೆಯರ ಮನೆಯಲ್ಲಿ ದರ್ಶನ, ದೈವ ಬಂದು ಗದ್ದೆಯ ವಿಷಯ ನುಡಿ ಕೊಡುತ್ತದೆ, ಕಾನೂನು ಕಚೇರಿ ಎಂದು ಹೋದವನ ಮನೆ ಏನಾಗುತ್ತದೆ ಎಂದು ಹೇಳುತ್ತದೆ ಎಂದು. ನುಡಿ ಏನೆಂಬುದು ದೈವಕ್ಕಿಂತ ಮೊದಲೇ ಮಾವನಿಗೆ ಗೊತ್ತಿತ್ತು. ಸಂಕ್ರಾಂತಿಯ ಹಿಂದಿನ ಸಂಜೆ ಪೆಟ್ಟಿಗೆ ತೆರೆದು ಒಂದು ಮುಷ್ಟಿ ಮಾತ್ರೆ ತಂದರು. ಇಷ್ಟು ದಿನ ಒಂದು ಮಾತ್ರೆ ಕೊಡಲು ಉದಾಸೀನ ಮಾಡುತ್ತಿದ್ದ ಮನುಷ್ಯ ಆ ದಿನ ತಾವೇ ನೀರಿನ ಚೊಂಬು ಹಿಡಿದು ಬಂದಿದ್ದರು.

"ಮಾವ, ನಂಗೆ ಉಸ್ರ್ ಕಟ್ಟಿ ಸಾಯ್ಲಕ್ಕ್ ಅಂದೇಳಿ ಡಾಕ್ಟ್ರ್ ಹೇಳಿರ್."

"ದೈವ ಮೈ ಮೇಲ್ ಇಪ್ಪತಿಗೆ ಸಾಯುದ್ ಎಂತಕ್ಕೆ? ನುಂಗ್."

ಒಂದನ್ನು ನುಂಗಿದೆ. ಅದು ನನ್ನ ರಾತ್ರಿಯ ಮದ್ದು, ಅದನ್ನು ಬಿಡುವ ಹಾಗಿಲ್ಲ. ಉಳಿದದ್ದನ್ನು ಕೆನ್ನೆಯಲ್ಲಿಟ್ಟುಕೊಂಡು ಹೋಗಿ ಬಾಳೆಯ ಬುಡಕ್ಕೆ ಉಗಿದೆ. ಒಂದೊಂದೂ ನನ್ನ ಒಂದೊಂದು ಹೊತ್ತಿನ ನೆಮ್ಮದಿ. ಹೀಗೆ ಮುಷ್ಟಿ ಮುಷ್ಟಿ ಖರ್ಚು ಮಾಡಿದರೆ ಬಾಟಲಿ ಎಷ್ಟು ದಿನ ಬಂದೀತು? ಖಾಲಿಯಾದ ದಿನ ದನಿ ಒಳಗೆ ಬರುತ್ತದೆ. ಈ ಸಲ ಹೊರಗೆ ಹಾಕಲು ಶೀನ ಇಲ್ಲ. ಆ ಬಾಟಲಿ ಮಾವನ ಪೆಟ್ಟಿಗೆಯಿಂದ ಈಚೆ ಬರದಿದ್ದರೆ ನಾನು ಉಳಿಯುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿತ್ತು.

ಬೆಳಿಗ್ಗೆ ಅಂಗಳ ತುಂಬಿತ್ತು. ನನ್ನನ್ನು ಜಗಲಿಯಲ್ಲಿ ಮಣೆಯ ಮೇಲೆ ಕೂರಿಸಿ, ಕೈಗೆ ಹಿಂಗಾರ ಕೊಟ್ಟು, ಗಂಟೆ ಬಾರಿಸಿದರು. ನೆಟ್ಟಗೆ ಕೂತು, ನೆಟ್ಟ ಕುತ್ತಿಗೆಯಲ್ಲೇ ಮಾವನ ಬಂಡವಾಳವನ್ನು ಎಲ್ಲರೆದುರು ಬಿಚ್ಚಿಡಬೇಕೆಂದು ನಾನು ನಿಶ್ಚಯ ಮಾಡಿಕೊಂಡಿದ್ದೆ. ಗಂಟೆ ಬಾರಿಸಿ ಬಾರಿಸಿ ಮಾವನ ಕೈ ಸೋತಿತು. ಕುತ್ತಿಗೆ ತಿರುಗಲಿಲ್ಲ.

"ನುಂಗ್ಲಿಲ್ಯಾ?" ಎಂದು ಹಲ್ಲು ಕಚ್ಚಿ ಕಿವಿಯ ಹತ್ತಿರ ಕೇಳಿದರು.

ಒಕ್ಕಲುಗಳು ಗುಸುಗುಸು ಎನ್ನತೊಡಗಿದರು. ಗುಡ್ಡ ಎದ್ದು ಪಂಚೆ ಕೊಡವಿಕೊಂಡ. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಜನ ಸರಿದು ದಾರಿ ಬಿಟ್ಟರು. ಅಬ್ಬಿ ಬರುತ್ತಿದ್ದಳು. ಅಣ್ಣನ ಎದುರು ಗಟ್ಟಿಯಾಗಿ ಕೆಮ್ಮದ ಹೆಂಗಸು ಅಷ್ಟು ಗಂಡಸರ ನಡುವೆ ನಡೆದು ಬಂದು ನನ್ನ ಮುಂದೆ ಮಂಡಿಯೂರಿದಳು.

"ಸ್ವಾಮೀ, ನಂಗೆ ಗದ್ದಿ ಸುದ್ದಿ ಎಂತದೂ ಬೇಡ. ನಂಗೊಬ್ಳ್ ಮಗಳ್, ಪ್ರಭಾ ಅಂದೇಳಿ. ಅವ್ಳ್ ಸಮ ಆತ್ಲಾ? ಅದೊಂದ್ ಹೇಳಿ."

ಅವಳ ಕೈಯಲ್ಲಿ ನನ್ನ ಹಲ್ಲಿನ ಗುರುತು ಹಾಗೇ ಇತ್ತು. ನನಗೆ ಸಿಟ್ಟು ಬಂತು, ಎಂಥ ಸಿಟ್ಟೆಂದರೆ ಕಣ್ಣಲ್ಲಿ ನೀರು ಬಂತು. ಇದನ್ನೇ ಅಲ್ಲವೇ ನಾನು ಅಡುಗೆಮನೆಯಲ್ಲಿ, ಬಾವಿಕಟ್ಟೆಯಲ್ಲಿ, ಇವಳ ಹಿಂದೆ ಹಿಂದೆ ತಿರುಗಿ ಹೇಳಿದ್ದು? ನೆಟ್ಟ ಕುತ್ತಿಗೆಯಲ್ಲಿ ಇನ್ನೊಮ್ಮೆ ಹೇಳಿದರೆ ಇನ್ನೊಮ್ಮೆ "ಹೂಂ" ಎನ್ನುತ್ತಾಳೆ, ಎದ್ದು ಹೋಗುತ್ತಾಳೆ.

ನಾನು ಕುತ್ತಿಗೆಯನ್ನು ಎಡಕ್ಕೆ ತಿರುಗಿಸಿದೆ. ಕಣ್ಣು ಮೇಲೆ ಮಾಡಿ ಹಂಚು ನೋಡಿದೆ. ಗುಡ್ಡ ಮತ್ತೆ ಅಡ್ಡ ಬಿದ್ದ. ಮಾವ ಸಂತೋಷದಿಂದ ಗಂಟೆ ಬಾರಿಸಿದರು.

"ಸಮ ಆತ್ಲ್," ಎಂದೆ, ಗಂಟಲು ದಪ್ಪ ಮಾಡಿ. "ಮದ್ದಿನ ಬಾಟ್ಲಿ ನಿನ್ನ ಕೈಯಲ್ಲೇ ಇರ್ಕ್. ಬೆಳಿಗ್ಗೆ ಒಂದ್, ರಾತ್ರಿ ಒಂದ್. ತಪ್ಪಿರೆ ಸೇರ್ಸಿ ಕೊಡುಕಾಗ. ಸಮ ಆಯ್ತ್ ಅಂದೇಳಿ ನಿಲ್ಸುಕೂ ಆಗ. ಇನ್ನ್ ಅವ್ಳ ಕುತ್ಗಿ ಸೆಳದ್ರೆ ಯಾರೂ ಕೈ ಮುಗುಕಾಗ, ಡಾಕ್ಟ್ರ್ ಹತ್ರ ಕರ್ಕಂಡ್ ಹೋಯ್ಕ್."

ಗಂಟೆ ನಿಂತಿತು. ಇಷ್ಟು ಸ್ಪಷ್ಟವಾಗಿ, ಅರ್ಥ ಹೇಳುವವರ ಹಂಗಿಲ್ಲದೆ ಹಾಯ್ಗುಳಿ ಯಾವತ್ತೂ ನುಡಿದದ್ದಿಲ್ಲ. ಅಬ್ಬಿ ಎದ್ದು ನೇರ ಮಾವನ ಹತ್ತಿರ ಹೋಗಿ ಕೈ ಚಾಚಿದಳು. ಮಾವ ನನ್ನ ಕಡೆ ನೋಡಿದರು, ಒಕ್ಕಲುಗಳ ಕಡೆ ನೋಡಿದರು. ದೈವದ ಮಾತಿಗೆ ಎದುರಾಡಬಾರದೆಂದು ಊರಿಗೆಲ್ಲ ಹೇಳಿ ಕಳಿಸಿದವರು ಅವರೇ. ಕೀಲಿಕೈ ಬಿಚ್ಚಿ ಒಳಗೆ ಹೋಗಿ ಬಾಟಲಿ ತಂದು ಕೊಟ್ಟರು.

ಅಬ್ಬಿ ಬಾಟಲಿಯನ್ನು ಸೆರಗಿಗೆ ಕಟ್ಟಿಕೊಂಡು ನನ್ನ ಪಕ್ಕ ಬಂದು ಕೂತಳು, ನನ್ನ ಮುಖದ ಬೆವರು ಒರೆಸಿದಳು. ಆ ದಿನದಿಂದ ಒಂದು ಹೊತ್ತೂ ಅವಳು ಮದ್ದು ತಪ್ಪಿಸಲಿಲ್ಲ, ಬಟ್ಟಲನ್ನು ಕೈಗೇ ಕೊಟ್ಟಳು. ನಾನು ಉಳಿದೆ. ಆ ಮಾತು ಹೇಳಿದ್ದು ಹಾಯ್ಗುಳಿಯಲ್ಲ, ನಿನ್ನ ಮಗಳು ಎಂದು ಹೇಳಲು ಎಷ್ಟೋ ಸಲ ನಾಲಿಗೆಯ ತುದಿಗೆ ಬಂತು. ಅವಳು ಸಾಯುವ ತನಕ ಹೇಳಲಿಲ್ಲ. ಹೇಳಿದ್ದರೆ ನಂಬುತ್ತಿರಲಿಲ್ಲ, ನಂಬಿದ್ದರೆ ಬಾಟಲಿಯನ್ನು ಮತ್ತೆ ತನ್ನ ಅಣ್ಣನ ಕೈಗೆ ಕೊಡುತ್ತಿದ್ದಳು.