ಎರಡು ಸಲ ಕೊಡವಿದ ಕೈ

ಗಂಡ ತೀರಿಕೊಂಡ ಮೇಲೆ ಅವನು ದುಡಿಯುತ್ತಿದ್ದ ಕಾರ್ಖಾನೆಯಲ್ಲೇ ಅವಳಿಗೆ ಪ್ಯಾಕಿಂಗ್ ಕೆಲಸ ಸಿಕ್ಕಿತ್ತು. ಮೂರನೇ ವರ್ಷ ಪ್ಯಾಕಿಂಗಿಗೂ ಯಂತ್ರ ಬರುತ್ತದೆಂದು ಗೊತ್ತಾಯಿತು. ಯಂತ್ರ ನಡೆಸುವ ಹೊಸ ಕೆಲಸ ಕಲಿತವರು ಉಳಿಯುತ್ತಾರೆ ಎಂದರು. ಹನ್ನೊಂದು ಜನ ಹೆಸರು ಕೊಟ್ಟರು. ನರೆಗೂದಲಿನವರೆಲ್ಲ ಬೆಂಚಿನ ಮೇಲೆ ಕೂತು, ಹೋಂವರ್ಕ್ ಮಾಡದಿದ್ದರೆ ಹೊಡೆಯುತ್ತಾರೇನೋ ಎಂದು ತಮಾಷೆ ಮಾಡಿಕೊಂಡರು.

ಕಲಿಸಲು ಬಂದವಳು ಅವಳಿಗಿಂತ ಹದಿನೈದು ವರ್ಷ ಚಿಕ್ಕವಳು. ನಾಲ್ಕನೇ ದಿನ ಎಲ್ಲರನ್ನೂ ಗಾಜಿನ ಕೋಣೆಯ ಮುಂದೆ ನಿಲ್ಲಿಸಿ, ಒಳಗೆ ಬೆಸುಗೆ ಹಾಕುವ ಯಂತ್ರದ ತೋಳನ್ನು ಓಡಿಸಿದಳು. ತೋಳು ಕಬ್ಬಿಣದ ಚೌಕಟ್ಟಿನ ಬಳಿಗೆ ಬಂತು, ನಿಂತಿತು, ನೀರು ಕೊಡವುವಂತೆ ತನ್ನ ತುದಿಯನ್ನು ಎರಡು ಸಲ ಕೊಡವಿತು. ಆಮೇಲೆ ಕಿಡಿ ಹಾರಿತು.

ಅವಳು ಗಾಜಿನ ಹತ್ತಿರಕ್ಕೆ ಸರಿದಳು.

ಗಂಡ ಅಲ್ಲಿ ಬೆಸುಗೆ ಕೆಲಸದವನಾಗಿದ್ದ. ಎಳವೆಯಲ್ಲಿ ಮುರಿದ ಮಣಿಕಟ್ಟು ನೆಟ್ಟಗೆ ಕೂಡಿರಲಿಲ್ಲ. ಲೋಟ ಎತ್ತುವ ಮುಂಚೆ, ಬಾಗಿಲು ತಟ್ಟುವ ಮುಂಚೆ ಹೀಗೇ ಎರಡು ಸಲ ಕೈ ಕೊಡವುತ್ತಿದ್ದ. ಕೊನೆಯ ವರ್ಷ ಅವನಿಗೆ, ಯಂತ್ರಕ್ಕೆ ಕಲಿಸಲು ಕೈಯ ಚಲನೆ ದಾಖಲಿಸುವ ತಂತಿಗಳ ಗವಸು ತೊಡಿಸಿ ಒಂದು ತಿಂಗಳು ಕೆಲಸ ಮಾಡಿಸಿದ್ದರು. ಒಳಗೆಲ್ಲ ತುರಿಕೆ ಎಂದು ಮನೆಯಲ್ಲಿ ಗೊಣಗಿದ್ದ, ಅಷ್ಟೇ.

"ನೋಡಿದ್ರಲ್ಲ, ಅಲ್ಲಿ ಎರಡು ಸೆಕೆಂಡು ದಂಡ," ಎಂದಳು ಕಲಿಸುವವಳು. "ಯಾರದೋ ಹಳೇ ಅಭ್ಯಾಸ ಹಾಗೇ ಪ್ರೋಗ್ರಾಮಿನ ಒಳಗೆ ಸೇರ್ಕೊಂಡಿದೆ. ಅದನ್ನ ಹುಡುಕಿ ತೆಗೆಯೋದೇ ನಿಮ್ಮ ಪರೀಕ್ಷೆ."

ಮನೆಗೆ ಬಂದು ಅತ್ತೆಗೆ ಹೇಳಿದಳು. ಮಗನ ವಿಷಯ ಬಂದರೆ ಅತ್ತೆ ಅಳುವವಳಲ್ಲ, ಮಾತು ಬದಲಿಸುವವಳು. ಅವತ್ತು ಬದಲಿಸಲಿಲ್ಲ. ಹೇಗೆ ಕೊಡವಿತು, ಮಾಡಿ ತೋರಿಸು ಎಂದಳು. ಸೊಸೆ ತೋರಿಸಿದಳು.

"ಅದಕ್ಕೂ ನೋಯುತ್ತಂತಾ?"

"ಇಲ್ಲ ಅತ್ತೆ. ಅದಕ್ಕೇನೂ ಗೊತ್ತಾಗಲ್ಲ."

"ದಿನಕ್ಕೆ ಎಷ್ಟು ಸಲ?"

"ಸಾವಿರಕ್ಕೂ ಮೇಲೆ."

"ತೆಗೆದುಬಿಡು ತಾಯಿ. ಸತ್ತ ಮೇಲೂ ದುಡೀತಾ ಇದ್ದಾನೆ. ಸಾಕು."

ಪರೀಕ್ಷೆಯ ಬೆಳಗ್ಗೆ ಆ ಜಾಗವನ್ನು ಎಲ್ಲರಿಗಿಂತ ಮೊದಲು ಹುಡುಕಿದವಳು ಅವಳೇ. ಅಳಿಸುವ ಮುಂಚೆ ಇನ್ನೊಂದು ಸಲ ಓಡಿಸಿ ನೋಡಲೇ ಎಂದು ಕೇಳಿ, ಓಡಿಸಿ, ಗಾಜಿಗೆ ಅಂಗೈ ಒತ್ತಿ ನಿಂತು ನೋಡಿದಳು. ಆಮೇಲೆ ಅಳಿಸಿದಳು. ತೋಳು ಈ ಸಲ ಎಲ್ಲೂ ನಿಲ್ಲದೆ ಬಂದು ಕಿಡಿ ಹಾರಿಸಿತು. ಕಲಿಸುವವಳು ಬೆನ್ನು ತಟ್ಟಿದಳು.

ಈಗ ಅವಳ ಕೈಕೆಳಗೆ ಅಂಥ ಆರು ತೋಳುಗಳಿವೆ. ಹೊಸಬರಿಗೆ ಅವಳೇ ಪಾಠ ಹೇಳುತ್ತಾಳೆ, ಚೆನ್ನಾಗಿಯೇ ಹೇಳುತ್ತಾಳೆ. ಆದರೆ ಆ ಮೊದಲನೇ ತೋಳಿಗೆ ಬೆನ್ನು ಮಾಡಿ ನಿಲ್ಲಲು ಅವಳಿಂದ ಇವತ್ತಿಗೂ ಆಗುವುದಿಲ್ಲ.